ಮನೆಯೊಳಗಿನ ನಾದ ಮಣ್ಣುಪಾಲಾಗದಿರಲಿ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಸಂಗೀತಕ್ಕೆ ಎಂದೂ ಬರವಿರಲಿಲ್ಲ. ಊರು ಬಿಟ್ಟು ಬರುವಾಗ ನಮ್ಮ ಹಿರಿಯರು ತಂದುದು ಒಂದು ಹಾಸಿಗೆಯ ಸುರುಳಿ, ಒಂದು ತಗಡಿನ ಪೆಟ್ಟಿಗೆ ಮತ್ತು ಕಂಠದಲ್ಲಿ ನಾಲ್ಕಾರು ದೇವರನಾಮ. ಹಾಸಿಗೆ ಹರಿಯಿತು, ಪೆಟ್ಟಿಗೆ ತುಕ್ಕು ಹಿಡಿಯಿತು. ದೇವರನಾಮ ಮಾತ್ರ ವಾರದ ಭಜನೆಯಲ್ಲಿ, ಮದುವೆಯ ಶೋಭಾನೆಯಲ್ಲಿ, ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ ಉಳಿದುಕೊಂಡು ಬಂದಿತು. ಆದರೆ ಅದನ್ನು ಹಾಡುವ ಕಂಠಗಳು ಒಂದೊಂದಾಗಿ ಮೌನವಾಗುತ್ತಿವೆ. ಪ್ರತಿಯೊಬ್ಬನ ಕಿಸೆಯಲ್ಲಿಯೂ ಧ್ವನಿಯನ್ನು ಹಿಡಿದಿಡಬಲ್ಲ ಯಂತ್ರವೊಂದು ಇರುವ ಈ ಕಾಲದಲ್ಲಿ ಇವು ಗುರುತಿಲ್ಲದೆ ಅಳಿದುಹೋದರೆ ಅದಕ್ಕೆ ದೈವವನ್ನು ದೂರುವಂತಿಲ್ಲ. ಅದು ನಮ್ಮ ಅಲಕ್ಷ್ಯದ ಫಲವೆಂದೇ ಹೇಳಬೇಕಾದೀತು.

ಕಳೆದುಕೊಂಡುದರ ಬೆಲೆ ಎಷ್ಟೆಂಬುದನ್ನು ಸಂಗೀತದ ಇತಿಹಾಸವೇ ಹೇಳುತ್ತದೆ. ಗ್ರಾಮೊಫೋನ್ ಕಂಪನಿಯವರು 1902ರಲ್ಲಿಯೇ ಕಲಕತ್ತೆಗೆ ಬಂದು ನಮ್ಮ ದೇಶದ ಹಾಡುಗಾರಿಕೆಯನ್ನು ಮುದ್ರಿಸತೊಡಗಿದ್ದರು. ಆದರೂ 1946ರಲ್ಲಿ ಇದೇ ಮುಂಬಯಿಯಲ್ಲಿ ತೀರಿಕೊಂಡ ಅಲ್ಲಾದಿಯಾ ಖಾನರ ಕಂಠ ಒಂದು ತಟ್ಟೆಯಲ್ಲಿಯೂ ಉಳಿಯಲಿಲ್ಲ. ಆ ಗಾಯನ ಹೇಗಿದ್ದೀತೆಂಬುದನ್ನು, ಅವರ ಮಕ್ಕಳಾದ ಮಂಜೀ ಖಾನ್ ಮತ್ತು ಭೂರ್ಜೀ ಖಾನರಲ್ಲಿ ಕಲಿತ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯಿಂದ ಊಹಿಸಿಕೊಳ್ಳಬೇಕಷ್ಟೆ. ಇನ್ನೊಂದು ಕಡೆ ಗಂಗೂಬಾಯಿ ಹಾನಗಲ್ಲರನ್ನು ನೋಡಿರಿ. ಅವರು 1930ರ ದಶಕದಲ್ಲಿ ಮುಂಬಯಿಗೆ ಬಂದು ‘ಗಾಂಧಾರಿ’ ಎಂಬ ಹೆಸರಿನಿಂದ ಎಚ್.ಎಂ.ವಿ. ತಟ್ಟೆಗಳಿಗೆ ಹಾಡಿದರು. ಆಗಿನದು ತೆಳುವಾದ, ಏರುದನಿಯ ಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅದು ಗಡಸಾಗಿ, ಗಂಭೀರವಾಗಿ, ನಾವೆಲ್ಲ ಬಲ್ಲ ಗಂಗೂಬಾಯಿಯವರ ಕಂಠವಾಯಿತು. ಮಗ್ಗುಲೊಂದಕ್ಕೆ ಮೂರೂವರೆ ನಿಮಿಷ ಮಾತ್ರ ಹಿಡಿಯುವ ಆ ತಟ್ಟೆಗಳು ಇಲ್ಲದೆ ಹೋಗಿದ್ದರೆ, ಒಬ್ಬ ಮಹಾಗಾಯಕಿಗೆ ಎರಡು ಕಂಠಗಳಿದ್ದುವೆಂಬ ಸಂಗತಿ ಕೇವಲ ಕಿಂವದಂತಿಯಾಗಿ ಉಳಿಯುತ್ತಿತ್ತು.

‘ಅವರು ಮಹಾಗಾಯಕರು; ನಮ್ಮ ಅಮ್ಮನ ಹಾಡನ್ನು ಮುದ್ರಿಸಿ ಯಾರಿಗೆ ಕೇಳಿಸುವುದು?’ ಎಂದು ಕೆಲವರು ಕೇಳಬಹುದು. ಮಹಾಗಾಯಕರನ್ನು ಹುಡುಕಿಕೊಂಡು ಕಂಪನಿಗಳು ಬರುತ್ತವೆ, ಆಕಾಶವಾಣಿ ಬರುತ್ತದೆ. ವಿಕ್ರೋಳಿಯ ಚಾಳಿನಲ್ಲಿಯೋ ಡೊಂಬಿವಿಲಿಯ ಎರಡು ಕೋಣೆಯ ಮನೆಯಲ್ಲಿಯೋ ಇರುವ, ಕುಂದಾಪುರದ ಹಸೆಹಾಡನ್ನು ಬಲ್ಲ ಮುದುಕಿಯ ಬಳಿಗೆ ಯಾರು ಬರುತ್ತಾರೆ? ಮಗನೋ ಮೊಮ್ಮಗಳೋ ಬರಬೇಕು. ಅವರೂ ಬಾರದಿದ್ದರೆ ಆ ಹಾಡಿನ ಧಾಟಿ ಆಕೆಯೊಡನೆಯೇ ಚಿತೆಯೇರುತ್ತದೆ. ಮಾತುಗಳನ್ನು ಬರೆದಿಟ್ಟುಕೊಳ್ಳಬಹುದು, ಧಾಟಿಯನ್ನು ಬರೆದಿಡುವ ವಿದ್ಯೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇದಕ್ಕೆ ಸ್ಟುಡಿಯೋ ಬೇಕು, ಹಣ ಬೇಕು ಎಂಬುದು ಎರಡನೆಯ ಆಕ್ಷೇಪ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಗಾಜಿನ ಕೋಣೆಯಲ್ಲಿ ಕುಳ್ಳಿರಿಸಿದರೆ ಅಜ್ಜಿಯ ಬಾಯಿಂದ ಹಾಡೇ ಹೊರಡಲಾರದು. ಮನೆಯ ಹಾಡಿಗೆ ಮನೆಯೇ ಸ್ಥಾನ. ಆದರೆ ಮನೆಯಲ್ಲಿ ಮುದ್ರಿಸುವುದಕ್ಕೂ ಒಂದು ಕ್ರಮವುಂಟು. ಅದು ಹಣದ ಮಾತಲ್ಲ, ತಾಳ್ಮೆಯ ಮಾತು.

ಮೊದಲನೆಯದು ನಿಶ್ಶಬ್ದ. ಈ ನಗರದಲ್ಲಿ ಅದು ಚಿನ್ನಕ್ಕಿಂತಲೂ ದುರ್ಲಭ. ಕೊನೆಯ ಲೋಕಲ್ ಹೋದ ಮೇಲೆ, ಮೊದಲನೆಯದು ಹೊರಡುವುದಕ್ಕೆ ಮುಂಚೆ, ನಡುರಾತ್ರಿ ಒಂದರಿಂದ ನಾಲ್ಕರವರೆಗೆ ಮಾತ್ರ ಮುಂಬಯಿ ಉಸಿರು ಹಿಡಿದು ಮಲಗುತ್ತದೆ. ಹೊಟೇಲಿನ ಬಾಗಿಲೆಳೆದ ಮೇಲೆ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತ ಜನರ ಪರಂಪರೆ ನಮ್ಮದು. ಆ ಹೊತ್ತಿನ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೃದ್ಧರನ್ನು ಅಷ್ಟು ಹೊತ್ತಿಗೆ ಎಬ್ಬಿಸಲಾಗದಿದ್ದರೆ ರವಿವಾರದ ಮಧ್ಯಾಹ್ನ, ನೆರೆಮನೆಗಳ ಕುಕ್ಕರುಗಳು ಶಿಳ್ಳೆ ಹೊಡೆದು ಮುಗಿಸಿದ ಹೊತ್ತು ಆಗಬಹುದು. ಫ್ಯಾನು ನಿಲ್ಲಿಸಬೇಕು, ಕಿಟಕಿ ಮುಚ್ಚಬೇಕು, ಫ್ರಿಜ್ಜನ್ನು ಆರಿಸಬೇಕು. ಮರಳಿ ಹಚ್ಚಲು ಮರೆಯದಂತೆ ಮನೆಯ ಬೀಗದ ಕೈಯನ್ನು ಅದರೊಳಗೇ ಇಟ್ಟುಬಿಡುವುದು ಜಾಣತನ.

ಎರಡನೆಯದು ಸ್ಥಳ. ಬೋಳು ಗೋಡೆ ಮತ್ತು ಹಾಸುಗಲ್ಲಿನ ನೆಲವುಳ್ಳ ಖೋಲಿಯಲ್ಲಿ ಹಾಡಿದರೆ ಧ್ವನಿ ಡಬ್ಬಿಯಲ್ಲಿ ಹಾಡಿದಂತೆ ಮಾರ್ದನಿಗೊಳ್ಳುತ್ತದೆ. ಹಗ್ಗದ ಮೇಲೆ ಎರಡು ಕಂಬಳಿ ಅಥವಾ ರಜಾಯಿ ಇಳಿಬಿಟ್ಟು, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದರತ್ತ ಮುಖಮಾಡಿ ಹಾಡುವವರನ್ನು ಕುಳ್ಳಿರಿಸಿದರೆ ಅರ್ಧ ಕೆಲಸವಾದಂತೆ. ಮೊಬೈಲನ್ನು ಬಾಯಿಯಿಂದ ಒಂದೂವರೆ ಗೇಣು ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ತುಸು ಪಕ್ಕಕ್ಕೆ, ಮಡಿಸಿದ ಟವೆಲಿನ ಮೇಲೆ ಇಡಬೇಕು. ದೂರ ಇಮ್ಮಡಿಯಾದರೆ ನೇರವಾಗಿ ಬರುವ ನಾದದ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ; ಗೋಡೆಗಳಿಂದ ಮರಳಿ ಬರುವ ಮಾರ್ದನಿಯಾದರೋ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದೂರದಿಂದ ಹಿಡಿದ ಹಾಡು ಬಾವಿಯೊಳಗಿನ ಹಾಡಿನಂತೆ ಕೇಳುವುದು ಈ ಕಾರಣದಿಂದಲೇ.

ತಂತುವಾದ್ಯಗಳ ವಿಷಯ ಇನ್ನೂ ಸೂಕ್ಷ್ಮವಾದುದು. ವೀಣೆ, ಸಿತಾರಗಳ ನಾದ ಒಂದೇ ತೂತಿನಿಂದ ಹೊರಡುವುದಿಲ್ಲ. ಕುದುರೆ, ಬುರುಡೆ, ಹಲಗೆ, ದಂಡಿಗಳೆಲ್ಲ ಸೇರಿ ನುಡಿಯುತ್ತವೆ. ಆದುದರಿಂದ ಒಂದು ಮೊಳದಿಂದ ಎರಡು ಮೊಳದವರೆಗೆ ಹಿಂದೆ ಸರಿದು, ಕಿವಿಗೆ ಎಲ್ಲಿ ಹಿತವಾಗುವುದೋ ಅಲ್ಲಿ ಯಂತ್ರವನ್ನು ಇಡಬೇಕು. ಹಾಡು ಮತ್ತು ವಾದ್ಯ ಕೂಡಿದಾಗ ಒಂದು ಹೆಚ್ಚು ಮತ್ತೊಂದು ಕಡಿಮೆಯಾದರೆ ಗುಂಡಿಗಳನ್ನು ತಿರುವುವ ಬದಲು ಕುಳಿತವರನ್ನು ಮುಂದೆ ಹಿಂದೆ ಸರಿಸುವುದು ಮೇಲು. ಮಳೆಗಾಲದ ತೇವದಲ್ಲಿ ಶ್ರುತಿ ಜಾರುವುದರಿಂದ ಪ್ರತಿಯೊಂದು ಹಾಡಿಗೂ ಮುನ್ನ ತಂತಿಗಳನ್ನು ಹೊಸದಾಗಿ ಕೂಡಿಸಿಕೊಳ್ಳಬೇಕು.

ಇಲ್ಲಿಯೇ ಯಂತ್ರದ ಒಂದು ಮೋಸವನ್ನು ವಾಚಕರ ಗಮನಕ್ಕೆ ತರಬೇಕಾಗಿದೆ. ಮಿರಜಿನ ಕುಶಲಕರ್ಮಿಗಳು ತಲೆಮಾರುಗಳಿಂದ ಸೋರೆಬುರುಡೆಯಲ್ಲಿ ತಂಬೂರಿಗಳನ್ನು ಮಾಡುತ್ತ ಬಂದಿದ್ದಾರೆ. ಅಲ್ಲಿನ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಕುದುರೆಯ ಮೇಲೆ ಒಂದು ನೂಲಿನೆಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಜೀವಾಳಿ ಕೂಡಿಸುವುದರಲ್ಲಿ ಅದರ ಪ್ರಾಣವೆಲ್ಲ ಅಡಗಿದೆ. ಆದರೆ ಮೊಬೈಲು ಹುಟ್ಟಿದ್ದು ಮಾತಿಗಾಗಿ, ಸಂಗೀತಕ್ಕಾಗಿ ಅಲ್ಲ. ಎಡೆಬಿಡದೆ ಒಂದೇ ಸಮನೆ ಕೇಳಿಬರುವ ನಾದವನ್ನು ಅದು ಫ್ಯಾನಿನ ಸದ್ದಿನಂತಹ ಗದ್ದಲವೆಂದು ಬಗೆದು ಅಳಿಸಲು ಹೊರಡುತ್ತದೆ! ಯಾವುದರ ಆಧಾರದ ಮೇಲೆ ಹಾಡು ನಿಂತಿದೆಯೋ ಅದನ್ನೇ ಕಸವೆಂದು ಗುಡಿಸಿದಂತಾಯಿತು. ಆದುದರಿಂದ ಗದ್ದಲವನ್ನು ತಗ್ಗಿಸುವ ಮತ್ತು ಧ್ವನಿಯನ್ನು ತಾನಾಗಿ ಏರಿಳಿಸುವ ಏರ್ಪಾಡುಗಳನ್ನು ಮೊದಲು ಆರಿಸಬೇಕು. ಆರಿಸಲು ಬಾರದಿದ್ದರೆ ಸಂಗೀತಕ್ಕೆಂದೇ ಮಾಡಿದ ಬೇರೊಂದು ಆ್ಯಪನ್ನು ಬಳಸಬೇಕು. ನಡುವೆ ಕರೆ ಬಾರದಂತೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಡುವುದನ್ನೂ ಮರೆಯಬಾರದು.

ಇದಕ್ಕಿಂತಲೂ ದೊಡ್ಡ ಮೋಸ ಸ್ವರವನ್ನು ತಿದ್ದುವ ತಂತ್ರಾಂಶಗಳದು. ಅವು ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಹನ್ನೆರಡು ಮನೆಗಳನ್ನೇ ಅಳತೆಗೋಲಾಗಿ ಹಿಡಿಯುತ್ತವೆ. ಎರಡು ಮನೆಗಳ ನಡುವೆ ಜಾರುವ ಮೀಂಡ, ತೂಗುವ ಗಮಕ, ಹಳೆಯ ಹಾಡಿನ ಎಳೆತ ಇವೆಲ್ಲ ಅವುಗಳ ಕಣ್ಣಿಗೆ ತಪ್ಪುಗಳು. ಅಜ್ಜಿಯ ಕಂಠ ನಡುಗಿದರೆ ನಡುಗಲಿ. ನಮಗೆ ಬೇಕಾದುದು ಆಕೆಯ ಧ್ವನಿಯೇ ಹೊರತು ತಿದ್ದಿ ತೀಡಿದ ಬೊಂಬೆಯ ಧ್ವನಿಯಲ್ಲ.

ಮುದ್ರಿಸಿದರೆ ಸಾಲದು, ಉಳಿಸಿಕೊಳ್ಳಬೇಕು. ಹಾಡುವ ಮುನ್ನ ಹಾಡುವವರ ಹೆಸರು, ಊರು, ದಿನಾಂಕ, ಹಾಡನ್ನು ಯಾರಿಂದ ಕಲಿತರೆಂಬ ವಿವರ ಇವಿಷ್ಟನ್ನು ಅವರ ಬಾಯಿಂದಲೇ ಹೇಳಿಸಿರಿ. ಕುಗ್ಗಿಸದ ಮೂಲಪ್ರತಿಯನ್ನು ಇಡಿರಿ. ಸೀಡಿಯ ಗುಣಮಟ್ಟದಲ್ಲಿ ಒಂದು ಗಂಟೆಯ ಹಾಡಿಗೆ ಸುಮಾರು 600 ಎಂಬಿಗಿಂತ ಸ್ವಲ್ಪ ಹೆಚ್ಚು ಸ್ಥಳ ಸಾಕು. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಊರಿನಲ್ಲಿರಲಿ. ಅಟ್ಟದ ಮೇಲೆ ಬೂಸಲು ಹಿಡಿಯುತ್ತಿರುವ ಹಳೆಯ ಕ್ಯಾಸೆಟ್ಟುಗಳನ್ನೂ ಇದೇ ಸಂದರ್ಭದಲ್ಲಿ ಇಳಿಸಿಕೊಳ್ಳಿರಿ. ಆದರೆ ಮುದ್ರಿಸಿದುದನ್ನೆಲ್ಲ ಮರುಕ್ಷಣವೇ ಲೋಕಕ್ಕೆ ಹಂಚುವ ಚಾಪಲ್ಯ ಬೇಡ. ಹಾಡಿದವರ ಒಪ್ಪಿಗೆಯಿಲ್ಲದೆ ಅವರ ಕಂಠವನ್ನು ಬೀದಿಗೆ ತರುವ ಅಧಿಕಾರ ಮಗನಿಗೂ ಇಲ್ಲ.

ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್ ಮೊದಲಾದ ನಮ್ಮ ಹಳೆಯ ಸಂಸ್ಥೆಗಳೂ, ಉಪನಗರಗಳ ಭಜನಾಮಂಡಳಿಗಳೂ ಇತ್ತ ಲಕ್ಷ್ಯ ಕೊಡುವುದು ಯುಕ್ತ. ಸನ್ಮಾನ ಸಮಾರಂಭದ ಒಂದು ಶಾಲಿನ ವೆಚ್ಚದಲ್ಲಿ ನೂರಾರು ಗಂಟೆಗಳ ಹಾಡನ್ನು ಕಾದಿಡುವ ಸಾಧನ ಬರುತ್ತದೆ. ಸದಸ್ಯರು ತಂದುಕೊಟ್ಟ ಪ್ರತಿಗಳನ್ನು ಊರುವಾರಾಗಿ ಜೋಡಿಸಿಡುವ ಕೆಲಸವನ್ನು ಇಬ್ಬರು ಉತ್ಸಾಹಿ ತರುಣರಿಗೆ ಒಪ್ಪಿಸಿದರೆ ಸಾಕು.

ಮುದ್ರಿಕೆಯಿಂದ ವಿದ್ಯೆ ಬಾರದು. ಗುರುವಿನ ಎದುರು ಕುಳಿತೇ ಕಲಿಯಬೇಕು, ನಿಜ. ಆದರೆ ಗುರುವೂ ಇಲ್ಲದೆ ಮುದ್ರಿಕೆಯೂ ಇಲ್ಲದೆ ನಮ್ಮ ಮಕ್ಕಳು ಮುಂದೊಂದು ದಿನ ‘ಅಜ್ಜಿ ಹೇಗೆ ಹಾಡುತ್ತಿದ್ದಳು?’ ಎಂದು ಕೇಳಿದರೆ ಕೊಡಲು ನಮ್ಮಲ್ಲಿ ಉತ್ತರವಿರಬೇಡವೇ? ಬರುವ ರಜೆಯ ದಿನವನ್ನು ಇದಕ್ಕಾಗಿ ಮೀಸಲಿಡಿರಿ. ಯಂತ್ರ ಕಾಯುತ್ತದೆ, ಕಂಠ ಕಾಯುವುದಿಲ್ಲ.