ಕುಟುಂಬ ಅಂತೀರಿ, ಲೆಕ್ಕ ಯಾಕೆ ತೋರಿಸಲ್ಲ?

ಕಂಪನಿಗೆ ಸೇರಿದ ಮೊದಲ ದಿನ ನಮ್ಮ ಹುಡುಗರ ಕಿವಿಗೆ ಬೀಳುವ ಮಾತು: "ನಾವೆಲ್ಲ ಒಂದೇ ಕುಟುಂಬ." ಹಲವಾಗಲು, ಹರಪನಹಳ್ಳಿ, ಹಡಗಲಿ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ ಹತ್ತಿದವರಿಗೆ ಇದು ಹಿತವಾಗಿಯೇ ಕೇಳುತ್ತದೆ. ಗೋಡೆಯ ಮೇಲೆ ಪ್ರಾಮಾಣಿಕತೆ, ಗೌರವ, ಪಾರದರ್ಶಕತೆ ಎಂಬ ದೊಡ್ಡ ಅಕ್ಷರಗಳೂ ಇರುತ್ತವೆ. ಕಂಪನಿಯವರು ಇದನ್ನೇ 'ವ್ಯಾಲ್ಯೂಸ್', 'ವರ್ಕ್ ಕಲ್ಚರ್' ಅನ್ನುತ್ತಾರೆ.

ನಾವು ಕೇಳುವುದು ಇಷ್ಟೇ: ಕುಟುಂಬ ಅಂದ ಮೇಲೆ ಲೆಕ್ಕ ಎಲ್ಲಿ?

ನಮ್ಮ ಕಡೆ ಮೆಕ್ಕೆಜೋಳ ಎಷ್ಟು ಚೀಲ ಆಯಿತು, ಎಷ್ಟಕ್ಕೆ ಹೋಯಿತು, ಗೊಬ್ಬರದ ಅಂಗಡಿಗೆ ಎಷ್ಟು ಕಟ್ಟಿದೆವು ಎಂಬುದು ಮನೆಮಂದಿಗೆ ಗೊತ್ತಿರುತ್ತದೆ. ಲೆಕ್ಕಕ್ಕೆ ಜಗಳ ಆಗುವುದಿಲ್ಲ ಅಂತಲ್ಲ. ಆದರೆ ಲೆಕ್ಕ ಕೇಳಿದ ತಮ್ಮನಿಗೆ "ನಾಳೆಯಿಂದ ಬರಬೇಡ" ಅನ್ನುವುದಿಲ್ಲ.

ಕೋಲಾರದ ನರಸಾಪುರದಲ್ಲಿ ನಡೆದದ್ದು ನೆನಪಿದೆಯೇ? ಅಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ ಕಾರ್ಮಿಕರ ಸಿಟ್ಟು ಕಟ್ಟೆಯೊಡೆಯಿತು. ಒಡೆದ ಗಾಜು, ಮಗುಚಿದ ವಾಹನ ಟಿವಿಯಲ್ಲಿ ದಿನವಿಡೀ ಬಂದವು. ಗಾಜು ಒಡೆದದ್ದು ತಪ್ಪೇ. ಆದರೆ ಅದಕ್ಕೂ ಮುಂಚೆ ಒಡೆದದ್ದು ಏನು?

ಕಾರ್ಖಾನೆಗಳ ಇಲಾಖೆಯ ತನಿಖೆ ಅದನ್ನು ಹೇಳಿತು. ಸ್ವಲ್ಪ ಕಾಲದಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರ ಹಾಜರಿ, ಸಂಬಳ ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಬೆಳೆದಿರಲಿಲ್ಲ. ಹಾಜರಿ ಯಂತ್ರ ಕೆಟ್ಟು ತಿಂಗಳುಗಳಾದರೂ ಸರಿ ಮಾಡಿರಲಿಲ್ಲ. ದುಡಿದ ತಾಸಿಗೂ ಕೈಗೆ ಬಂದ ದುಡ್ಡಿಗೂ ತಾಳೆಯೇ ಇರಲಿಲ್ಲ. ಬಹುತೇಕರು ಗುತ್ತಿಗೆಯವರು, ಕೇಳೋಣವೆಂದರೆ ಕಂಪನಿ ಗುತ್ತಿಗೆದಾರನ ಕಡೆ, ಗುತ್ತಿಗೆದಾರ ಕಂಪನಿಯ ಕಡೆ ಕೈ ತೋರಿಸುವ ಸ್ಥಿತಿ. ಕುಟುಂಬದಲ್ಲಿ ಗುತ್ತಿಗೆ ಮಗ ಅಂತ ಇರುತ್ತಾನೇನು?

ಕೊನೆಗೆ ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಅಕ್ಟೋಬರ್, ನವೆಂಬರ್ ಸಂಬಳ ಕೆಲವರಿಗೆ ತಡವಾದದ್ದು ನಿಜ ಎಂದು ಆಪಲ್ ಒಪ್ಪಿ, ಹೊಸ ಆರ್ಡರ್ ನಿಲ್ಲಿಸಿತು. ಕಾರ್ಮಿಕರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ನಿಯಮಾವಳಿ ಆಪಲ್ ಬಳಿ ಮೊದಲಿನಿಂದಲೂ ಇತ್ತು. ಪುಸ್ತಕದಲ್ಲಿತ್ತು, ಹಾಜರಿ ಯಂತ್ರದಲ್ಲಿರಲಿಲ್ಲ. 2023ರಲ್ಲಿ ಆ ಘಟಕವನ್ನು ಟಾಟಾ ಕೊಂಡಿತು.

ಅದೇ 2020ರ ನವೆಂಬರಿನಲ್ಲಿ ಬಿಡದಿಯ ಟೊಯೊಟಾದಲ್ಲಿ ಕೆಲಸದ ಒತ್ತಡ ತಡೆಯಲಾಗುತ್ತಿಲ್ಲ ಎಂದು ಕಾರ್ಮಿಕ ಸಂಘ ಧರಣಿ ಕೂತಿತು. ಕಂಪನಿ ಲಾಕ್‌ಔಟ್ ಘೋಷಿಸಿತು. ಬಿಕ್ಕಟ್ಟು ಮುಗಿಯಲು ತಿಂಗಳುಗಳೇ ಬೇಕಾದವು. 'ಜನರಿಗೆ ಗೌರವ' ಎಂಬುದು ಟೊಯೊಟಾ ತತ್ವದ ಎರಡು ಕಂಬಗಳಲ್ಲಿ ಒಂದು.

"ಕೆಲಸ ಕೊಟ್ಟಿದ್ದೇ ದೊಡ್ಡದು, ಸುಮ್ಮನಿರಿ" ಅನ್ನುವವರು ನಮ್ಮೂರ ಕಟ್ಟೆಯ ಮೇಲೂ ಇದ್ದಾರೆ. ಅವರಿಗೆ ನಮ್ಮ ಉತ್ತರ: ಕೂಲಿ ದಾನವಲ್ಲ. ಹೆಚ್ಚುವರಿ ತಾಸಿಗೆ ದುಪ್ಪಟ್ಟು ಕೂಲಿ ಎಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ನೇಮಕಾತಿ ಪತ್ರ, ಸಂಬಳದ ಚೀಟಿ ಕೊಡುವುದೂ ಅವುಗಳ ಪ್ರಕಾರ ಕಡ್ಡಾಯ.

ಹಾಗಾಗಿ, ಮಕ್ಕಳನ್ನು ಕಂಪನಿಗೆ ಕಳಿಸಿದ ಅಪ್ಪ ಅವ್ವಂದಿರೇ, ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: ನೇಮಕಾತಿ ಪತ್ರ ಕೊಟ್ಟಿದ್ದಾರಾ? ಸಂಬಳದ ಚೀಟಿ ಬಂತಾ? ಪಿಎಫ್, ಇಎಸ್ಐ ಕಟ್ಟುತ್ತಿದ್ದಾರಾ? ಚೀಟಿಯ ಫೋಟೊ ಮನೆಗೆ ವಾಟ್ಸಾಪ್ ಮಾಡಲು ಹೇಳಿ. ದುಡಿದ ತಾಸು, ಓಟಿ ಬರೆದಿಡಲು ಹೇಳಿ. ತಾಳೆಯಾಗದಿದ್ದರೆ ಒಬ್ಬನೇ ಹೋಗಿ ಕೇಳುವುದು ಬೇಡ. ಜೊತೆಗಾರರು ಕೂಡಿ ಬರವಣಿಗೆಯಲ್ಲಿ ಕೇಳಲಿ, ಕಾರ್ಮಿಕ ಇಲಾಖೆಗೂ ಒಂದು ಪ್ರತಿ ಕೊಡಲಿ.

ಕಂಪನಿಯವರಿಗೂ ಒಂದು ಮಾತು. ಗೋಡೆಗೆ ಬಣ್ಣ ಬಳಿಯುವ ಮುಂಚೆ ಹಾಜರಿ ಯಂತ್ರ ರಿಪೇರಿ ಮಾಡಿಸಿ. ಕುಟುಂಬ ಹೌದೋ ಅಲ್ಲವೋ ಎಂಬುದನ್ನು ಆಮೇಲೆ ನಮ್ಮ ಹುಡುಗರೇ ಹೇಳುತ್ತಾರೆ.