ಹೊಳಪಿಲ್ಲದ ಕಾಗದದ ಸೆಳೆತ



ಲಂಡನ್ನಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ರಜೆಗೆ ಬಂದಾಗ ಚಾಕಲೇಟಿನ ಜೊತೆ ಒಂದು ಹಳೆಯ ಪತ್ರಿಕೆಯನ್ನೂ ತಂದಿದ್ದಳು. 'ಖಾಲಾ, ಇದನ್ನು ಮಾತ್ರ ರದ್ದಿಗೆ ಹಾಕಬೇಡಿ' ಎಂದು ಮೊದಲೇ ಎಚ್ಚರಿಸಿದಳು. ಫ್ಯಾಶನ್ ಪತ್ರಿಕೆಯೆಂದರೆ ಮೂಗು ಮುರಿಯುವವಳು ನಾನು. ಆದರೆ ಇದರ ದಪ್ಪ, ಹೊಳಪಿಲ್ಲದ ಕಾಗದ, ಅಕ್ಷರಗಳ ಸುತ್ತ ಧಾರಾಳವಾಗಿ ಬಿಟ್ಟ ಬಿಳಿ ಜಾಗ ನೋಡಿ ಕೈಯಿಂದ ಕೆಳಗಿಡಲಾಗಲಿಲ್ಲ. ಉತ್ತರ ಪತ್ರಿಕೆ ತಿದ್ದುವುದು ಬಾಕಿಯಿದ್ದರೂ ಆ ರಾತ್ರಿ ಅದನ್ನೇ ಓದುತ್ತ ಕುಳಿತೆ.

ಅದರ ಹೆಸರು 'ದಿ ಜಂಟಲ್‌ವುಮನ್'. ಪೆನ್ನಿ ಮಾರ್ಟಿನ್‌ರ ಸಂಪಾದಕತ್ವದಲ್ಲಿ 2010ರಲ್ಲಿ ಆರಂಭವಾದದ್ದು. ವರ್ಷಕ್ಕೆ ಎರಡೇ ಸಂಚಿಕೆ. ದೊಡ್ಡ ಪ್ರಕಾಶನ ಕಂಪೆನಿಗಳ ಹಂಗಿಲ್ಲದೆ ಕೆಲವೇ ಮಂದಿ ಸೇರಿ ಹೊರತರುವ ಇಂತಹವನ್ನು ಸ್ವತಂತ್ರ ಪತ್ರಿಕೆಗಳು ಎನ್ನುತ್ತಾರೆ. ನನ್ನ ಕೈಯಲ್ಲಿದ್ದದ್ದು 2012ರ ಸಂಚಿಕೆ. ಮುಖಪುಟದಲ್ಲಿ ದೊಡ್ಡ ಕನ್ನಡಕ ಧರಿಸಿದ ನಟಿ ಆಂಜೆಲಾ ಲ್ಯಾನ್ಸ್‌ಬರಿ. ಆಗ ಅವರಿಗೆ 86 ವರ್ಷ!

ನಮ್ಮ ಕಣ್ಣಿಗೆ ಬೀಳುವ ಸಾಮಾನ್ಯ ಫ್ಯಾಶನ್ ಪತ್ರಿಕೆಗಳ ಕಸುಬು ಬೇರೆ. ನಿಮ್ಮ ಬಣ್ಣ ಸಾಲದು, ಸೊಂಟ ಸಾಲದು, ಹೋದ ವರ್ಷದ ಚೂಡಿದಾರ್ ಈ ವರ್ಷಕ್ಕೆ ಸಲ್ಲದು ಎಂದು ಅವು ಹೇಳದೆಯೇ ಹೇಳುತ್ತವೆ. ಓದಿ ಮುಗಿಸಿ ಕನ್ನಡಿಯ ಮುಂದೆ ನಿಂತರೆ ನಮ್ಮ ಮುಖವೇ ನಮಗೆ ಬೇಡವಾಗಿರುತ್ತದೆ. ಗುಂಪು ಫೋಟೋ ತೆಗೆಯುವಾಗ ಬೇಕೆಂದೇ ಹಿಂದಿನ ಸಾಲಿಗೆ ಸರಿಯುವ ಹುಡುಗಿಯರನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಕಾಣುತ್ತೇನೆ.

ಈ ದಾರಿ ಬಿಟ್ಟು ನಡೆಯಲು ಕೆಲವರು ಬಹಳ ಹಿಂದೆಯೇ ಯತ್ನಿಸಿದ್ದರು. ಬ್ರಿಟಿಷ್ 'ವೋಗ್' ಪತ್ರಿಕೆಯ ಕಲಾ ನಿರ್ದೇಶಕರಾಗಿದ್ದ ಟೆರ್ರಿ ಜೋನ್ಸ್ ಆ ಕೆಲಸ ಬಿಟ್ಟು 1980ರಲ್ಲಿ 'ಐ-ಡಿ' ಎಂಬ ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಯೆಂದರೆ ಸ್ಟೇಪ್ಲರ್ ಪಿನ್ ಹೊಡೆದ ಹಾಳೆಗಳು, ಬೆಲೆ 50 ಪೆನ್ಸ್. ಬೀದಿಯಲ್ಲಿ ಹೋಗುವವರನ್ನೇ ಗೋಡೆಯ ಮುಂದೆ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ಫೋಟೋ ತೆಗೆದು, ಯಾವ ಬಟ್ಟೆ ಎಲ್ಲಿ ಕೊಂಡದ್ದೆಂದು ಬರೆದು ಅಚ್ಚು ಹಾಕಿದರು. ಅದರ ಮುಖಪುಟದಲ್ಲಿರುವವರು ಸಾಮಾನ್ಯವಾಗಿ ಒಂದು ಕಣ್ಣು ಮುಚ್ಚಿರುತ್ತಾರೆ. ಪತ್ರಿಕೆಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅಡ್ಡ ತಿರುಗಿಸಿದರೆ ಕಣ್ಣು ಮಿಟುಕಿಸುವ ಮುಖದಂತೆ ಕಾಣುತ್ತದೆ. ಇದನ್ನು ತಿಳಿದ ಮೇಲೆ ನನ್ನ ಸೋದರ ಸೊಸೆಗಿಂತ ನಾನೇ ಹೆಚ್ಚು ನಕ್ಕೆ.

1998ರಲ್ಲಿ ಲಂಡನ್ನಿನದೇ 'ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಸ್ತ್ರ ವಿನ್ಯಾಸಕ ಅಲೆಕ್ಸಾಂಡರ್ ಮ್ಯಾಕ್ವೀನ್ ಆ ಸಂಚಿಕೆಯ ಅತಿಥಿ ಸಂಪಾದಕರು. ಅಂಗವಿಕಲರನ್ನೇ ರೂಪದರ್ಶಿಗಳನ್ನಾಗಿ ಕರೆದರು. ಒಂದು ವರ್ಷದ ಮಗುವಾಗಿದ್ದಾಗಲೇ ಮೊಣಕಾಲ ಕೆಳಗೆ ಎರಡೂ ಕಾಲು ಕಳೆದುಕೊಂಡ ಓಟಗಾರ್ತಿ ಏಮಿ ಮಲಿನ್ಸ್ ಅವರಲ್ಲೊಬ್ಬರು. ಅದರ ಎಲ್ಲ ಚಿತ್ರಗಳನ್ನೂ ನನ್ನ ವಿದ್ಯಾರ್ಥಿನಿಯರ ಮುಂದೆ ಇಡಲಾರೆ, ಅದು ಬೇರೆ ಮಾತು. ಆದರೆ ಬಟ್ಟೆಯ ಅಂದಕ್ಕೆ ದೇಹವನ್ನು ತಿದ್ದಬೇಕಿಲ್ಲ, ದೇಹವಿದ್ದಂತೆ ಬಟ್ಟೆ ಹೊಲಿಯಬಹುದು ಎಂಬುದನ್ನು ಅವರು ಮಾಡಿ ತೋರಿಸಿದರಲ್ಲ, ಅದನ್ನು ಮೆಚ್ಚದಿರಲಾರೆ.

ಹಾಗೆಂದು ಇವು ಸಂತರ ಪತ್ರಿಕೆಗಳೇನಲ್ಲ. ಸ್ವತಂತ್ರವೆಂದರೂ ಮೊದಲ ಹತ್ತಾರು ಪುಟ ದುಬಾರಿ ಕೈಚೀಲ, ಗಡಿಯಾರಗಳ ಜಾಹೀರಾತು. ಅಷ್ಟು ಒಳ್ಳೆಯ ಕಾಗದದ ಖರ್ಚು ಮತ್ತೆಲ್ಲಿಂದ ಬರಬೇಕು? ಅಲ್ಲಿ ಹೆಸರಿಸಿದ ಒಂದು ಕೋಟಿನ ಹಣದಲ್ಲಿ ನಮ್ಮ ಮನೆಯ ಇಡೀ ಈದ್ ಖರೀದಿ ಮುಗಿದೀತು.

ಮಾರನೆಯ ದಿನ ಪತ್ರಿಕೆ ಮೇಜಿನ ಮೇಲೇ ಉಳಿದಿತ್ತು. ನನ್ನ ಅಮ್ಮಿಗೆ ಈಗ ಎಂಬತ್ತರ ಹತ್ತಿರ. ಮೊಮ್ಮಗನ ನಿಕಾಹ್‌ನಲ್ಲಿ 'ಈ ಮುದಿ ಮುಖ ಯಾಕೆ?' ಎಂದು ಫೋಟೋಗೆ ಬರದೆ ಒಳಗೆ ಕುಳಿತವರು. ಮುಖಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

'ಇವರಿಗೆ ಎಷ್ಟು ವಯಸ್ಸು?' ಎಂದರು. ಹೇಳಿದೆ.

'ಇಂಥ ಕನ್ನಡಕದ ಫ್ರೇಮು ನಮ್ಮ ಪೇಟೆಯಲ್ಲಿ ಸಿಗುತ್ತದಾ?'