ಹೆಬ್ಬೆಟ್ಟಿಗೊಂದು ಬೀಗ

ಅಕ್ಷರವರಿಯದವನು ಸಾಹುಕಾರನ ಬರಿಗಾಗದಕ್ಕೆ ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ಅಂಥವನಿಗೆ ರುಜು ಕಲಿಸಿದುದೇ ಹಳ್ಳಿಯ ಶಾಲೆಗಳ ಮೊದಲ ಪುಣ್ಯಕಾರ್ಯ. ಆದರೆ ಕಾಲದ ವೈಚಿತ್ರ್ಯವನ್ನು ನೋಡಬೇಕು! ಇಂದು ಓದಿದವನ ಹಣಕ್ಕೂ ಬೆರಳೇ ಕೀಲಿಕೈ.

2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಪತ್ರಗಳ ಪ್ರತಿಗಳಿಂದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಅಪಹರಿಸಿ, ಕೃತಕ ಅಚ್ಚು ರಚಿಸಿ, ಪರರ ಬ್ಯಾಂಕ್ ಖಾತೆಗಳಿಂದ ಹಣ ಸೆಳೆದ ಪ್ರಕರಣಗಳು ಬಯಲಾದವು. ಈ ಬಗೆಯ ಪಾವತಿಗೆ ಓಟಿಪಿ ಬೇಕಿಲ್ಲ. ಗುಪ್ತಪದ ಬಯಲಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೇ?

ಪರಿಹಾರವಿಲ್ಲದೆ ಇಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ, ನೋಂದಾಯಿತ ಮೊಬೈಲಿನ ನೆರವಿನಿಂದ, ಬೆರಳಚ್ಚಿಗೆ ಬೀಗ ಹಾಕಬಹುದು. ಪಡಿತರ ತರುವಂತಹ ಅಗತ್ಯದ ದಿನ ತೆರೆಯಬಹುದು. ಹಣ ಹೋದರೆ ನಾಚಿ ಕುಳಿತಿರದೆ ತತ್‌ಕ್ಷಣ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು.

ಆದರೆ ಶಿರೂರಿನ ವೃದ್ಧೆಯೊಬ್ಬಳು ಇದನ್ನೆಲ್ಲ ತಾನೇ ಮಾಡಿಕೊಂಡಾಳೆ? ಆಕೆಗೆ ಮೊಮ್ಮಗನೇ ದಿಕ್ಕು. ಮೊಮ್ಮಗನಿಗೆ ಗುರುಗಳೇ ದಿಕ್ಕು. ಹತ್ತನೆಯ ತರಗತಿಯವರಿಗೆ ವರ್ಷದಲ್ಲೊಂದು ದಿನ ಈ ಪಾಠವಾದರೆ ಅದು ಮನೆಮನೆಯನ್ನು ಮುಟ್ಟೀತು. ಅದಕ್ಕೆ ದಾನಿಗಳ ಹಣ ಬೇಕಿಲ್ಲ, ಗುರುಗಳ ಮನಸ್ಸು ಬೇಕು. ಅಂದು ರುಜು ಕಲಿಸಿದ ಶಾಲೆ ಇಂದು ಹೆಬ್ಬೆಟ್ಟನ್ನು ಕಾಯುವುದನ್ನೂ ಕಲಿಸಲಿ.